ಪುಲ್ಫ್ರಿಕ್ ಲೋಲಕ: ಹತ್ತು ನಿಮಿಷ ಕಾದ ಮೇಲೆ ಸಿಕ್ಕ ಅಳತೆ

ಒಂದು ಕಣ್ಣಿಗೆ ಕಪ್ಪು ಗಾಜು ಹಿಡಿದು ನೋಡಿದರೆ ನೇರ ಗೆರೆಯಲ್ಲಿ ಅತ್ತಿತ್ತ ತೂಗುವ ಲೋಲಕದ ಗುಂಡು ದೀರ್ಘವೃತ್ತದಲ್ಲಿ ಸುತ್ತುವಂತೆ ಕಾಣುವುದನ್ನು ನಾವೆಲ್ಲರೂ ವಿದ್ಯಾರ್ಥಿಗಳಿಗೆ ತೋರಿಸಿದ್ದೇವೆ. ಮಂದ ಬೆಳಕು ಕಂಡ ಕಣ್ಣಿನ ಸಂಕೇತ ಮೆದುಳಿಗೆ ತುಸು ತಡವಾಗಿ ತಲುಪುವುದರಿಂದ ಹೀಗಾಗುತ್ತದೆ. ಈ ಭ್ರಮೆಯಿಂದಲೇ ಆ ವಿಳಂಬವನ್ನು ಮಿಲಿಸೆಕೆಂಡುಗಳಲ್ಲಿ ಅಳೆಯುತ್ತೇನೆ ಎಂದಾಗ ನನ್ನ ಸಹೋದ್ಯೋಗಿಗಳು ನಂಬಲಿಲ್ಲ. ಮೊದಲ ಎರಡು ತಿಂಗಳು ನನ್ನ ಟಿಪ್ಪಣಿ ಪುಸ್ತಕವೂ ಅವರ ಪರವಾಗಿಯೇ ಇತ್ತು. 1922ರಲ್ಲಿ ಇದನ್ನು ವಿವರಿಸಿದ ಜರ್ಮನ್ ಭೌತಶಾಸ್ತ್ರಜ್ಞ ಕಾರ್ಲ್ ಪುಲ್ಫ್ರಿಕ್ ಅವರಿಗೆ ಒಂದು ಕಣ್ಣು ಕುರುಡಾಗಿದ್ದುದರಿಂದ ಅವರು ಸ್ವತಃ ಇದನ್ನು ಕಾಣಲಾಗಲಿಲ್ಲ ಎಂಬುದನ್ನು ನೆನೆದು ನಾನು ಕೈಬಿಡದೆ ಮುಂದುವರಿದೆ.

ಹಣ ಹೆಚ್ಚು ಹೋದದ್ದು ಗಾಜಿಗೆ. ವೆಲ್ಡಿಂಗ್ ಗಾಜು ಹಸಿರು ಬಣ್ಣ ಕೊಟ್ಟಿತು, ತಂಪು ಕನ್ನಡಕ ಕಂದು ಬಣ್ಣ ಕೊಟ್ಟಿತು. ಕೊನೆಗೆ ಬಣ್ಣ ಸೇರಿಸದೆ ಎಂಟರಲ್ಲಿ ಒಂದು ಪಾಲು ಬೆಳಕನ್ನು ಮಾತ್ರ ಬಿಡುವ ಎನ್‌ಡಿ 8 ಫಿಲ್ಟರನ್ನು ಕ್ಯಾಮೆರಾ ಅಂಗಡಿಯಿಂದ ಸುಮಾರು 700 ರೂಪಾಯಿಗೆ ತಂದೆ. ಕೋಣೆಯ ಎಲ್‌ಇಡಿ ಬಲ್ಬಿನ ಮಿನುಗಿನಿಂದ ಗುಂಡು ತುಂಡು ತುಂಡಾಗಿ ಕಾಣುತ್ತಿತ್ತು. ಬ್ಯಾಟರಿಯ ದೀಪ ಹಾಕಿದ ಮೇಲೆ ಅದು ನಿಂತಿತು. ಎಲ್ಲ ಸೇರಿ ಎರಡೂವರೆ ಸಾವಿರ ಆಗಿರಬಹುದು.

ಒಂದು ಮೀಟರ್ ಉದ್ದದ ಲೋಲಕವನ್ನು ಅಡ್ಡಾದಿಡ್ಡಿ ಹೋಗದಂತೆ ಎರಡು ದಾರಗಳಲ್ಲಿ ತೂಗುಹಾಕಿ, ನಡುವಿನಿಂದ ಎರಡೂ ಬದಿಗೆ 20 ಸೆಂ.ಮೀ. ತೂಗಲು ಬಿಟ್ಟು, ಎರಡು ಮೀಟರ್ ದೂರದಿಂದ ನೋಡುತ್ತೇನೆ. ನಡುವಿನಲ್ಲಿ ವೇಗ ಸೆಕೆಂಡಿಗೆ ಸುಮಾರು 63 ಸೆಂ.ಮೀ. ಮೇಜಿನ ಮೇಲಿನ ಸೂಜಿಯನ್ನು ಗುಂಡಿನ ನೇರ ಕೆಳಗೆ ಬಂದಂತೆ ಕಾಣುವವರೆಗೆ ಹಿಂದೆ ಮುಂದೆ ಸರಿಸಬೇಕು.

ಸೋಲಿನ ಮೂಲ ಸೂಜಿಯಲ್ಲಿ ಇರಲಿಲ್ಲ. ಫಿಲ್ಟರ್ ಹಾಕಿದ ಕೂಡಲೇ ಗುಂಡು 17 ಸೆಂ.ಮೀ. ಮುಂದೆ ಬಂದಂತೆ ಕಾಣುತ್ತಿತ್ತು, ಸ್ವಲ್ಪ ಹೊತ್ತಿಗೆ 22, ಮತ್ತೆ 26. ನನ್ನ ಕೈ ನಡುಗುತ್ತಿದೆ ಎಂದು ತಿಳಿದು ವಾರಗಟ್ಟಲೆ ಸೂಜಿಯ ಹಳಿಯನ್ನೇ ತಿದ್ದುತ್ತಿದ್ದೆ. ಬದಲಾಗುತ್ತಿದ್ದುದು ಕತ್ತಲಿಗೆ ಹೊಂದಿಕೊಳ್ಳುತ್ತಿದ್ದ ಕಣ್ಣು. ಫಿಲ್ಟರ್ ಹಾಕಿಕೊಂಡೇ ಹತ್ತು ನಿಮಿಷ ಸುಮ್ಮನೆ ಕುಳಿತು, ಬೆಳಕನ್ನು ಬದಲಿಸದೆ ಅಳೆದಾಗ 26ರ ಆಸುಪಾಸಿನಲ್ಲೇ ನಿಂತಿತು. ಗುಂಡು ಎದುರು ದಿಕ್ಕಿಗೆ ಮರಳುವಾಗ ಹಿಂದೆ ಸರಿದಂತೆ ಕಾಣುವ ಬದಿಗೆ 35 ಸಿಕ್ಕಿತು. ಗುಂಡಿನ ವೇಗ, ನೋಡುವ ದೂರ ಮತ್ತು ನನ್ನ ಎರಡು ಕಣ್ಣುಗಳ ನಡುವಿನ ಅಂತರವನ್ನು ಸೇರಿಸಿ ಲೆಕ್ಕ ಹಾಕಿದರೆ ಎರಡರಿಂದಲೂ ಸುಮಾರು 15 ಮಿಲಿಸೆಕೆಂಡಿನ ವಿಳಂಬ ಬರುತ್ತದೆ. ಎರಡೂ ಹೊಂದದ ದಿನದ ಅಳತೆಯನ್ನು ನಾನು ಬರೆದಿಡುವುದಿಲ್ಲ.

ಬದಲಾಗುತ್ತಿದ್ದುದು ಕಣ್ಣೇ ಎಂಬುದನ್ನು ಖಚಿತಪಡಿಸಿಕೊಳ್ಳಲು ಒಂದು ಕಣ್ಣಿಗೆ ಅರ್ಧ ಗಂಟೆ ಪಟ್ಟಿ ಕಟ್ಟಿ, ಬಿಚ್ಚಿದೊಡನೆ ಫಿಲ್ಟರ್ ಇಲ್ಲದೆಯೇ ಮಂದ ಬೆಳಕಿನಲ್ಲಿ ನೋಡಿದೆ. ದೀರ್ಘವೃತ್ತ ಸ್ವಲ್ಪ ಹೊತ್ತು ಇದ್ದು ಕರಗಿತು. ಅದನ್ನು ಕಂಡ ಸಂಜೆಯ ಸಂತೋಷ ಈಗಲೂ ನೆನಪಿದೆ.

ಅಕ್ಷಿಪಟದ, ಅಂದರೆ ಕಣ್ಣಿನೊಳಗೆ ಬೆಳಕನ್ನು ಗ್ರಹಿಸುವ ಪದರದ, ಅಂಚನ್ನು ಪರೀಕ್ಷಿಸುವಾಗ ಮೊದಲು ಕಣ್ಣು ನೆಟ್ಟು ನೋಡುವ ಗುರುತನ್ನು ಪಕ್ಕಕ್ಕೆ ಇಟ್ಟೆ; 15 ಡಿಗ್ರಿಯ ಹತ್ತಿರ ಒಂದು ಕಣ್ಣಿನ ಕುರುಡು ಚುಕ್ಕೆ, ಅಂದರೆ ಏನೂ ಕಾಣದ ಜಾಗ, ಗುಂಡನ್ನೇ ನುಂಗಿತು. ಈಗ ಗುರುತನ್ನು ಗುಂಡಿಗಿಂತ 35 ಸೆಂ.ಮೀ. ಮೇಲೆ, ಅಂದರೆ 10 ಡಿಗ್ರಿಯಲ್ಲಿ ಇಡುತ್ತೇನೆ. ಮಂದ ಬೆಳಕಿನಲ್ಲಿ ಅಲ್ಲಿ ವಿಳಂಬ ನನಗೆ ಹೆಚ್ಚಾಗಿಯೇ ಕಂಡಿತು. ಮಂದ ಬೆಳಕಿನಲ್ಲಿ ಅಲ್ಲಿ ಕೆಲಸ ಮಾಡುವ ದಂಡಕೋಶಗಳು ಹೆಚ್ಚು ಬೆಳಕಿನಲ್ಲಿ ಕೆಲಸ ಮಾಡುವ ಶಂಕುಕೋಶಗಳಿಗಿಂತ ನಿಧಾನ. ಆದರೆ ಅಂಚಿನಲ್ಲಿ ಆಳದ ಅರಿವು ಕುಗ್ಗುವುದರಿಂದ ಸೂಜಿ ಆರೇಳು ಸೆಂ.ಮೀ. ಆಚೀಚೆ ಅಲೆದಾಡುತ್ತದೆ, ಹಾಗಾಗಿ ಅದಕ್ಕೆ ಇನ್ನೂ ಅಂಕಿ ಕೊಡಲಾರೆ.

ಕಳೆದ ತಿಂಗಳು ಹೆಚ್ಚು ಅನುಮಾನಿಸಿದ್ದ ಸಹೋದ್ಯೋಗಿಯನ್ನೇ ಕೂರಿಸಿ, ಹತ್ತು ನಿಮಿಷ ಕಾಯಿಸಿ, ಅಳತೆಪಟ್ಟಿಯನ್ನು ಮುಚ್ಚಿಟ್ಟು ಸೂಜಿಯನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು 27ರಲ್ಲಿ ನಿಲ್ಲಿಸಿದರು.