ಟೋರೊ ರಾಜಕುಮಾರಿಯ ಬದುಕನ್ನು ಇಪ್ಪತ್ತು ನಿಮಿಷದ ಉಪನ್ಯಾಸವಾಗಿಸುವ ಬಗೆ

ತುಮಕೂರಿನ ನಮ್ಮ ಕಾಲೇಜಿನ ಇತಿಹಾಸ ಸಂಘದಲ್ಲಿ ತಿಂಗಳಿಗೊಮ್ಮೆ ಒಬ್ಬ ವಿದ್ಯಾರ್ಥಿ ಹೊರದೇಶದ ಒಬ್ಬರ ಬದುಕನ್ನು ಕುರಿತು ಇಪ್ಪತ್ತು ನಿಮಿಷ ಮಾತನಾಡುವ ರೂಢಿಯಿದೆ. ಉಗಾಂಡದ ಟೋರೊ ರಾಜ್ಯದ ರಾಜಕುಮಾರಿ ಎಲಿಜಬೆತ್ ಬಗಾಯ ಅವರನ್ನು ಆರಿಸಿಕೊಳ್ಳುವವರಿಗಾಗಿ ಇದನ್ನು ಬರೆದಿದ್ದೇನೆ. ಈ ವಿಷಯವನ್ನು ಮೊದಲ ಸಲ ಹೇಳಿದಾಗ ನಾನು ಸಿಂಹಾಸನ, ಅರಮನೆ, ಪಟ್ಟಾಭಿಷೇಕಗಳಲ್ಲೇ ಅರ್ಧ ಸಮಯ ಕಳೆದಿದ್ದೆ. ಆಗ ಪಾವಗಡದ ಕಡೆಯ ಹುಡುಗಿಯೊಬ್ಬಳು ಎದ್ದು, "ಸಾರ್, ರಾಜ್ಯ ಹೋದ್ಮೇಲೆ ಅವರು ಜೀವನಕ್ಕೆ ಏನ್ ಮಾಡಿದ್ರು?" ಎಂದು ಕೇಳಿದಳು. ಉಪನ್ಯಾಸದ ಬೆನ್ನೆಲುಬಾಗಬೇಕಾದದ್ದು ಈ ಪ್ರಶ್ನೆಯೇ ಎಂದು ನನಗೆ ಅಂದು ಮನವರಿಕೆಯಾಯಿತು.

ಮೊದಲಿಗೆ ಭೂಪಟವನ್ನು ಬಿಡಿಸಿ, ಉಗಾಂಡದ ಪಶ್ಚಿಮ ಅಂಚಿನಲ್ಲಿರುವ, ಟೋರೊ ರಾಜಧಾನಿಯಾದ ಫೋರ್ಟ್ ಪೋರ್ಟಲ್ ಪಟ್ಟಣವನ್ನು ತೋರಿಸಿ. ಅದರ ಬಳಿಯ ರ್ವೆಂಜೋರಿ ಪರ್ವತಶ್ರೇಣಿ ಸಮಭಾಜಕ ವೃತ್ತದ ಹತ್ತಿರವಿದ್ದರೂ ಹಿಮ ಹೊತ್ತಿದೆ. ಅದರ ಅತ್ಯುನ್ನತ ಶಿಖರದ ಎತ್ತರ 5,109 ಮೀಟರ್. ನಮ್ಮ ಮಧುಗಿರಿ ಬೆಟ್ಟದ ಎತ್ತರದ ನಾಲ್ಕು ಪಟ್ಟಿಗೂ ಹೆಚ್ಚು ಎಂದರೆ ಕೇಳುಗರಿಗೆ ಅಂದಾಜು ಸಿಗುತ್ತದೆ. ಇದಕ್ಕೆ ಎರಡು ನಿಮಿಷ ಸಾಕು.

ಪದಗಳ ಬಗ್ಗೆ ಮಾತ್ರ ತುಸು ಹೆಚ್ಚು ಎಚ್ಚರ ಬೇಕು. ಟೋರೊ ಅರಸನಿಗೆ 'ಒಮುಕಾಮ' ಎಂಬ ಬಿರುದು. ಅರಸನ ಸೋದರಿಯರಲ್ಲಿ ಒಬ್ಬರಿಗೆ ಸಲ್ಲುವ 'ಬಟೆಬೆ' ಎಂಬುದೂ ಒಂದು ಅಧಿಕೃತ ಪದವಿ. ಅದನ್ನು 'ರಾಣಿ' ಎಂದು ಕನ್ನಡಿಸಿದರೆ ಕೇಳುವವರು ಅವರನ್ನು ಅರಸನ ಹೆಂಡತಿಯೆಂದೇ ತಿಳಿಯುತ್ತಾರೆ. ಇಂಗ್ಲಿಷ್ ಬರಹಗಳಲ್ಲಿ ಬರಿಯ 'ಸಿಸ್ಟರ್' ಎಂದಿರುವ ಕಡೆ ಕನ್ನಡದಲ್ಲಿ ಅಕ್ಕನೋ ತಂಗಿಯೋ ಎಂಬುದನ್ನು ನಾವು ನಿರ್ಧರಿಸಲೇಬೇಕಾಗುತ್ತದೆ: ಎಲಿಜಬೆತ್ ಹುಟ್ಟಿದ್ದು 1936ರಲ್ಲಿ, ಮುಂದೆ ಅರಸನಾದ ಪ್ಯಾಟ್ರಿಕ್ 1945ರಲ್ಲಿ, ಆದ್ದರಿಂದ ಅವರು ಅಕ್ಕ. ಟೋರೊ ಜನರಲ್ಲಿ ಹೆಸರಿನ ಜೊತೆಗೆ 'ಎಂಪಾಕೊ' ಎಂಬ ಪ್ರೀತಿ-ಗೌರವದ ಹೆಸರನ್ನೂ ಇಡುವ ವಾಡಿಕೆಯಿದ್ದು, ಎಲಿಜಬೆತ್ ಅವರ ಎಂಪಾಕೊ 'ಅಕೀಕಿ' ಎಂಬುದು. ಇದನ್ನು ಒಮ್ಮೆಯಾದರೂ ಉಚ್ಚರಿಸಿರಿ. ಆಕೆ ಆ ನೆಲದ ಮಗಳು ಎಂಬುದು ಬಿರುದುಗಳಿಗಿಂತ ಈ ಹೆಸರಿನಲ್ಲಿ ಹೆಚ್ಚು ಕೇಳಿಸುತ್ತದೆ.

ಅನಂತರ ರಾಜ್ಯ ಹೋದದ್ದು ಹೇಗೆಂಬುದನ್ನು ವಿವರಿಸಿ. ತಂದೆ ರುಕಿಡಿ 1965ರಲ್ಲಿ ತೀರಿಕೊಂಡ ಮೇಲೆ ತಮ್ಮನಿಗೆ ಪಟ್ಟವಾಯಿತು. ಉಗಾಂಡದ ಅಧ್ಯಕ್ಷ ಮಿಲ್ಟನ್ ಒಬೋಟೆಯ ಸರಕಾರ 1967ರ ಸಂವಿಧಾನದ ಮೂಲಕ ಟೋರೊ, ಬುಗಾಂಡ, ಬುನ್ಯೊರೊ, ಅಂಕೋಲೆ ಅರಸೊತ್ತಿಗೆಗಳನ್ನು ರದ್ದುಮಾಡಿತು. 1966ರಲ್ಲಿ ಸೇನೆ ಅರಮನೆಗೆ ನುಗ್ಗಿದ್ದು ಬುಗಾಂಡದಲ್ಲಿ. ಅದನ್ನು ಟೋರೊ ಕಥೆಗೆ ಸೇರಿಸಬೇಡಿ. ನಮ್ಮ ವಿದ್ಯಾರ್ಥಿಗಳು ಇಲ್ಲಿ ಮಧುಗಿರಿ, ಚಿಕ್ಕಬಳ್ಳಾಪುರದ ಪಾಳೇಗಾರರನ್ನು ನೆನೆಯುವುದು ಸಹಜವಾದರೂ ಅವರು ಹೈದರಾಲಿಯ ಕಾಲದ ಯುದ್ಧಗಳಲ್ಲಿ ನೆಲ ಕಳೆದುಕೊಂಡವರು. ಹೋಲಿಸಲೇಬೇಕೆಂದರೆ, ಮಾಜಿ ಅರಸರ ಮಾನ್ಯತೆಯನ್ನೂ ರಾಜಧನವನ್ನೂ ಕೊನೆಗೊಳಿಸಿದ 1971ರ ನಮ್ಮ ಸಂವಿಧಾನದ 26ನೆಯ ತಿದ್ದುಪಡಿಯನ್ನು ತೆಗೆದುಕೊಳ್ಳಿ.

ಇನ್ನುಳಿದ ಸಮಯದ ಬಹುಪಾಲನ್ನು ಅವರ ದುಡಿಮೆಗೆ ಮೀಸಲಿಡಿ. ಕೇಂಬ್ರಿಡ್ಜ್‌ನ ಗರ್ಟನ್ ಕಾಲೇಜಿನಲ್ಲಿ ಕಾನೂನು ಓದಿದ ಅವರು 1965ರಲ್ಲಿ ಇಂಗ್ಲೆಂಡಿನ ಬ್ಯಾರಿಸ್ಟರ್ ಆದರು. ಪೂರ್ವ ಆಫ್ರಿಕದ ಮಹಿಳೆಯರಲ್ಲಿ ಅವರೇ ಮೊದಲಿಗರು. ಅಂದರೆ ಅರಸೊತ್ತಿಗೆ ಅಳಿಯುವ ಮೊದಲೇ ಅವರ ಕೈಯಲ್ಲಿ ಸ್ವಂತ ವೃತ್ತಿಯಿತ್ತು, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಬದುಕಿನ ಮುಖ್ಯ ಸಂಗತಿ ಇದೇ. ಬಳಿಕ ಲಂಡನ್ ಮತ್ತು ನ್ಯೂಯಾರ್ಕ್‌ನಲ್ಲಿ ರೂಪದರ್ಶಿಯಾಗಿ ದುಡಿದರು, 1969ರಲ್ಲಿ 'ಹಾರ್ಪರ್ಸ್ ಬಜಾರ್' ಮುಖಪುಟದಲ್ಲಿ ಕಾಣಿಸಿಕೊಂಡರು. ಅದನ್ನು ಶೋಕಿಯೆಂಬಂತೆ ಹೇಳದೆ, ನೆಲೆ ತಪ್ಪಿದ ಮನೆಯ ಹೆಣ್ಣುಮಗಳು ಕೈಹಿಡಿದ ಕೆಲಸವೆಂದೇ ಹೇಳಿ.

ಇದಿ ಅಮೀನ್ 1971ರಲ್ಲಿ ಅಧಿಕಾರ ಕಸಿದುಕೊಂಡ ಮೇಲೆ ಅವರು ಸ್ವದೇಶದ ಸೇವೆಗೆ ಮರಳಿ, 1974ರ ಫೆಬ್ರವರಿಯಲ್ಲಿ ವಿದೇಶಾಂಗ ಸಚಿವೆಯಾದರು. ಅದೇ ವರ್ಷದ ನವೆಂಬರಿನಲ್ಲಿ ಅಮೀನ್ ಅವರನ್ನು ವಜಾಮಾಡಿ, ನಡತೆಗೆ ಮಸಿ ಬಳಿಯುವ ಸುಳ್ಳು ಆರೋಪವನ್ನು ಬಹಿರಂಗವಾಗಿ ಹೊರಿಸಿದ. ಆ ಆರೋಪವೇನೆಂದು ವೇದಿಕೆಯ ಮೇಲೆ ವಿವರಿಸಬೇಡಿ. ಸುಳ್ಳನ್ನು ಮತ್ತೆ ಹೇಳುವುದೂ ಅದನ್ನು ಹರಡಿದಂತೆಯೇ ಆಗುತ್ತದೆ. ಅದನ್ನು ಅಚ್ಚುಹಾಕಿದ ಪತ್ರಿಕೆಗಳ ಮೇಲೆ ಅವರು ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರೆಂಬುದನ್ನು ಮಾತ್ರ ತಪ್ಪದೆ ಹೇಳಿ. 1975ರಲ್ಲಿ ಕೆನ್ಯಾಕ್ಕೆ ತಪ್ಪಿಸಿಕೊಂಡು ಹೋದ ಅವರು 1986ರಲ್ಲಿ ಅಮೆರಿಕದಲ್ಲಿ ಉಗಾಂಡದ ರಾಯಭಾರಿಯಾದರು.

ಮುಕ್ತಾಯಕ್ಕೆ 1993ನ್ನು ಇಟ್ಟುಕೊಳ್ಳಿ. ಆ ವರ್ಷ ಟೋರೊ ಅರಸೊತ್ತಿಗೆ ರಾಜಕೀಯ ಅಧಿಕಾರವಿಲ್ಲದ ಸಾಂಸ್ಕೃತಿಕ ಪೀಠವಾಗಿ ಮರಳಿತು. 1995ರಲ್ಲಿ ತಮ್ಮ ತೀರಿಕೊಂಡಾಗ ಮೂರು ವರ್ಷದ ಮಗು ಓಯೊಗೆ ಪಟ್ಟವಾಗಿ, ಸೋದರತ್ತೆಯಾದ ಎಲಿಜಬೆತ್ ಆ ಬಾಲಕನ ಪಾಲಕರಲ್ಲಿ ಒಬ್ಬರಾದರು. ಇಲ್ಲಿಗೆ ಹದಿನೈದು ನಿಮಿಷವಾಗಿರುತ್ತದೆ. ಉಳಿದ ಐದನ್ನು ಪ್ರಶ್ನೆಗಳಿಗೆ ಬಿಡಿ.