ಬೆಂಗಳೂರಲ್ಲಿ ಬೆಳೆಯೋ ಮಕ್ಕಳಿಗೆ ಮನೆಯ ತುಳು ಉಳಿಸೋದು ಹೇಗೆ

ಮಂಗಳೂರು, ಉಡುಪಿ ಕಡೆಯಿಂದ ಬಂದು ಬೆಂಗಳೂರಲ್ಲಿ ಸೆಟಲ್ ಆದ ತುಂಬಾ ಮನೆಗಳಲ್ಲಿ ಅಪ್ಪ ಅಮ್ಮ ತುಳು ಮಾತಾಡ್ತಾರೆ, ಮಕ್ಕಳಿಗೆ ಅರ್ಥನೂ ಆಗುತ್ತೆ, ಆದ್ರೆ ಉತ್ತರ ಮಾತ್ರ ಕನ್ನಡ ಇಲ್ಲಾ ಇಂಗ್ಲಿಷಲ್ಲಿ. ಇಲ್ಲಿಂದಲೇ ಶುರು ಮಾಡಿ. ಮಗು ಇಂಗ್ಲಿಷಲ್ಲಿ ನೀರು ಕೇಳಿದ್ರೆ ಬೈಬೇಡಿ, "ನೀರ್ ಬೋಡಾ?" ಅಂತ ತುಳುವಲ್ಲೇ ಕೇಳಿ ಲೋಟ ಕೊಡಿ, ದಿನಾ ಹೀಗೇ ನಡೀತಿದ್ರೆ ನಿಧಾನಕ್ಕೆ ಅದೇ "ನೀರ್ ಬೋಡು" ಅನ್ನೋಕೆ ಶುರು ಮಾಡುತ್ತೆ. ತಪ್ಪು ಮಾತಾಡಿದ್ರೆ ದಯವಿಟ್ಟು ನಗಬೇಡಿ. ನೆಂಟರ ಮುಂದೆ ನಗೋದ್ರಿಂದಲೇ ಎಷ್ಟೋ ಮಕ್ಕಳು ಬಾಯಿ ಮುಚ್ಕೊಂಡುಬಿಡ್ತಾರೆ.

ಸಂಬಂಧದ ಹೆಸರುಗಳನ್ನಂತೂ ಬಿಡ್ಲೇಬೇಡಿ. ಅಮ್ಮನ ಅಣ್ಣತಮ್ಮಂದಿರನ್ನ ಅಂಕಲ್ ಅನ್ನಿಸ್ಬೇಡಿ, ತಮ್ಮಲೆ ಅಂತ ಹೇಳ್ಕೊಡಿ. ಅಳಿಯಕಟ್ಟು ಇದ್ದ ಮನೆಗಳಲ್ಲಿ ಯಜಮಾನಿಕೆ ಸೋದರಮಾವನಿಂದ ಸೋದರಳಿಯನಿಗೆ ಬರ್ತಿತ್ತು, ಕುಲ ತಾಯಿ ಕಡೆಯಿಂದ ಲೆಕ್ಕ, ನಿಮ್ಮ ಮನೇಲಿ ಹಾಗಿದ್ರೆ ಅದನ್ನೂ ಹೇಳಿ, ತಾನು ಯಾರ ಪೈಕಿ ಅಂತ ಮಗುಗೆ ಗೊತ್ತಾಗೋದೇ ಹೀಗೆ.

ರಜೆಗೆ ಊರಿಗೆ ಹೋದಾಗ ಕೋಲಕ್ಕೆ, ಅಂದ್ರೆ ದೈವಗಳ ಆರಾಧನೆಗೆ, ಕರ್ಕೊಂಡು ಹೋಗಿ. ಏಪ್ರಿಲಲ್ಲೇ ಹೋಗೋದು ಒಳ್ಳೇದು, ಮೇ ಕೊನೆಗೆ ಪತ್ತನಾಜೆ ಅನ್ನೋ ದಿನ ಆದ್ಮೇಲೆ ಕೋಲ ನಿಲ್ಲುತ್ತೆ. ಅಲ್ಲಿ ಹಾಡೋ ಪಾಡ್ದನದ (ದೈವದ ಕಥೆ ಹೇಳೋ ಹಾಡು) ಹಳೇ ತುಳು ಮಗುಗೆ ಅರ್ಥ ಆಗಲ್ಲ, ಪಕ್ಕದಲ್ಲೇ ಕೂತು ಕಥೆ ಹೇಳಿ.

ಓದು ಬರಹಕ್ಕೆ ಕನ್ನಡ ಲಿಪಿನೇ ಸಾಕು, ತುಳು ಬರೆಯೋದೇ ಹೆಚ್ಚಾಗಿ ಅದರಲ್ಲಿ. ತುಳುವಿನದೇ ಹಳೇ ಲಿಪಿ ಮೇಲೆ ಆಸೆ ಇದ್ರೆ ಅದು 2024ರಲ್ಲಿ ಕಂಪ್ಯೂಟರ್, ಮೊಬೈಲ್ ಅಕ್ಷರಗಳ ಪಟ್ಟಿಯಾದ ಯೂನಿಕೋಡ್‌ಗೂ ಸೇರಿದೆ. ಅದಕ್ಕಿಂತ ಮೊದಲು, ಊರಲ್ಲಿರೋ ಅಜ್ಜಿಗೆ ಮಗು ಕೈಲಿ ವಾಟ್ಸಾಪಲ್ಲಿ "ಒಣಸ್ ಆಂಡಾ?" (ಊಟ ಆಯ್ತಾ?) ಅಂತ ವಾಯ್ಸ್ ಮೆಸೇಜ್ ಕಳಿಸಿ.