ನೆರೆಮನೆಯವರೇ ಮೇಷ್ಟ್ರು: ಒಂದು ಸಂಜೆಯ ಪಾಠ ಏರ್ಪಡಿಸುವುದು ಹೇಗೆ?

ಎದುರು ಮನೆಯವರು ಮೂವತ್ತು ವರ್ಷ ಸೇತುವೆ ಕಟ್ಟಿಸಿದ ಎಂಜಿನಿಯರ್. ಎರಡು ಮನೆ ಆಚೆ ಮಕ್ಕಳ ವಾರ್ಡ್‌ನಲ್ಲಿ ದುಡಿದ ನರ್ಸ್ ಇದ್ದಾರೆ. ಹಳೇ ಗಡಿಯಾರ ಬಿಚ್ಚಿ ಜೋಡಿಸುವುದರಲ್ಲಿ ಮೂಲೆ ಮನೆಯವರದು ಎತ್ತಿದ ಕೈ. ದಿನಾ ಎದುರಾಗುತ್ತಾರೆ, ನಕ್ಕು ಮುಂದೆ ಹೋಗುತ್ತೇವೆ. ಇವರಿಗೆ ಗೊತ್ತಿರುವುದನ್ನು ಒಂದು ಸಂಜೆ ಎಲ್ಲರೂ ಕೂತು ಕೇಳಬಹುದು, ಅಲ್ವಾ?

ಇದು ಹೊಸ ಯೋಚನೆಯಲ್ಲ. 1826ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜೋಸಾಯಾ ಹಾಲ್‌ಬ್ರೂಕ್ 'ಲೈಸಿಯಂ' ಶುರು ಮಾಡಿದ್ದರು. ಊರಿನವರೇ ಒಬ್ಬರಿಗೊಬ್ಬರು ಪಾಠ ಹೇಳುವ ಕೂಟ ಅದು. 1980ರ ದಶಕದಿಂದ ಬ್ರಿಟನ್‌ನಲ್ಲಿ ನಡೆಯುತ್ತಿರುವ 'ಮೂರನೇ ವಯಸ್ಸಿನ ವಿಶ್ವವಿದ್ಯಾಲಯ'ದಲ್ಲೂ ಹಿರಿಯರೇ ಕಲಿಸುತ್ತಾರೆ, ಹಿರಿಯರೇ ಕಲಿಯುತ್ತಾರೆ. ಪರೀಕ್ಷೆಯೂ ಇಲ್ಲ, ಪದವಿಯೂ ಇಲ್ಲ.

ಮೊದಲು ಲೆಕ್ಕ

ಎರಡು ತಿಂಗಳು ಮುಂಚೆ ಕೆಲಸ ಶುರು ಮಾಡಿ. ಮೂರು ಕೋಣೆ, ಎರಡು ಸುತ್ತು, ಆರು ಜನ ಮೇಷ್ಟ್ರು. ಮೊದಲ ಸಲಕ್ಕೆ ಇಷ್ಟು ಸಾಕು. ಒಂದು ಪಾಠಕ್ಕೆ 45 ನಿಮಿಷ: 25 ನಿಮಿಷ ಮಾತು, 20 ನಿಮಿಷ ಪ್ರಶ್ನೆ. ಎರಡು ಸುತ್ತಿನ ನಡುವೆ 15 ನಿಮಿಷ ಬಿಡುವು. ಹೀಗೆ ಮಾಡಿದರೆ ಒಂದು ಸುತ್ತಿನಲ್ಲಿ ಕಲಿಸಿದವರು ಇನ್ನೊಂದರಲ್ಲಿ ವಿದ್ಯಾರ್ಥಿಯಾಗಿ ಕೂರಬಹುದು. ಇದನ್ನು ಬಿಟ್ಟುಕೊಡಬೇಡಿ. ಪಕ್ಕದ ಬೆಂಚಿನಲ್ಲಿ ಡಾಕ್ಟರು ಕೂತು ನೋಟ್ಸ್ ಬರೆದುಕೊಳ್ಳುತ್ತಿದ್ದರೆ ಪ್ರಶ್ನೆ ಕೇಳಲು ಉಳಿದವರಿಗೂ ಧೈರ್ಯ ಬರುತ್ತದೆ.

ಯಾರನ್ನು ಕರೆಯಬೇಕು?

ಪದವಿ, ಪ್ರಶಸ್ತಿ ನೋಡಿ ಪಟ್ಟಿ ಮಾಡಿದರೆ ಅರ್ಧ ಜನ ಕೈತಪ್ಪಿ ಹೋಗುತ್ತಾರೆ. ಮನೆ ಮನೆಯಲ್ಲೂ ಒಂದೇ ಪ್ರಶ್ನೆ ಕೇಳಿ: 'ಯಾವ ವಿಷಯ ಬಂದರೆ ಜನ ನಿಮಗೇ ಫೋನ್ ಮಾಡುತ್ತಾರೆ?' ಉತ್ತರ ಕೇಳಿ ನಿಮಗೇ ಆಶ್ಚರ್ಯವಾಗುತ್ತದೆ. 'ಅಯ್ಯೋ, ನನಗೇನು ಗೊತ್ತು' ಎನ್ನುವವರನ್ನು ಸುಮ್ನೆ ಬಿಟ್ಟು ಬರಬೇಡಿ. ನಲವತ್ತು ವರ್ಷ ಬಟ್ಟೆ ಹೊಲಿದ ಕೈಗೆ ಗೊತ್ತಿರುವುದು ಎಷ್ಟೋ ಪುಸ್ತಕದಲ್ಲಿ ಸಿಗುವುದಿಲ್ಲ. ಅಂಥವರಿಗೆ ಎರಡನೇ ಸಲ ಕೇಳಬೇಕು, ಅಷ್ಟೇ.

ವಿಷಯವನ್ನು ಚಿಕ್ಕದು ಮಾಡುವುದು

ಇಡೀ ಸಂಜೆ ಗೆಲ್ಲುವುದೂ ಸೋಲುವುದೂ ಇಲ್ಲೇ. ಮೊದಲ ಸಲ ನಾನು ತಪ್ಪು ಮಾಡಿದ್ದೂ ಇಲ್ಲೇ. ಎಂಜಿನಿಯರ್ ಅವರಿಗೆ 'ಸೇತುವೆಗಳ ಬಗ್ಗೆ ಹೇಳಿ ಸಾರ್' ಅಂದುಬಿಟ್ಟೆ. ಪಾಪ, ಎಂಬತ್ತಕ್ಕೂ ಜಾಸ್ತಿ ಸ್ಲೈಡ್ ತಯಾರಿ ಮಾಡಿಕೊಂಡು ಬಂದರು. ನಲವತ್ತು ನಿಮಿಷವಾದರೂ ಅಡಿಪಾಯ ಮುಗಿದಿರಲಿಲ್ಲ. ಅವರಿಗೂ ಬೇಸರ, ಕೇಳುವವರಿಗೂ ಬೇಸರ.

ಮುಂದಿನ ಸಲ ಮೂರು ವಾರ ಮುಂಚೆಯೇ ಅವರ ಮನೆಗೆ ಹೋಗಿ ಕೂತೆ. 'ಹತ್ತು ವರ್ಷದ ಮಗುವಿಗೆ ಒಂದೇ ಒಂದು ವಿಷಯ ತೋರಿಸಬೇಕು ಅಂದರೆ ಏನು ತೋರಿಸ್ತೀರಿ?' ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ಎರಡು ಲೋಟಗಳ ಮೇಲೆ ಒಂದು ಹಾಳೆ ಇಟ್ಟರು. ಅದರ ಮೇಲೆ ನಾಣ್ಯ ಇಟ್ಟರೆ ಹಾಳೆ ಬಾಗಿ ನಾಣ್ಯ ಜಾರಿಬಿತ್ತು. ಅದೇ ಹಾಳೆಯನ್ನು ಬೀಸಣಿಗೆಯಂತೆ ನೆರಿಗೆ ನೆರಿಗೆಯಾಗಿ ಮಡಿಸಿ ಮತ್ತೆ ಇಟ್ಟರು. ಈಗ ಒಂದು ನಾಣ್ಯ, ಎರಡು, ಐದು. ಹಾಳೆ ಅಲುಗಲಿಲ್ಲ. 'ಸಾಮಾನು ಅದೇ, ಆಕಾರ ಬೇರೆ' ಅಂದರು. ಆ ಮಾತೇ ಪಾಠದ ಹೆಸರಾಯಿತು. ಸ್ಲೈಡ್ ಒಂದೂ ಬೇಕಾಗಲಿಲ್ಲ.

ತಿಳಿದವರಿಗೇ ಇದು ಯಾಕೆ ಕಷ್ಟ? 1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಸಂಶೋಧಕಿ ಎಲಿಜಬೆತ್ ನ್ಯೂಟನ್ ಒಂದು ಪ್ರಯೋಗ ಮಾಡಿದರು. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಮೇಜಿನ ಮೇಲೆ ಬೆರಳಲ್ಲಿ ತಟ್ಟಬೇಕು, ಕೇಳುವವರು ಯಾವ ಹಾಡು ಅಂತ ಹೇಳಬೇಕು. ತಟ್ಟುವವರು ಅರ್ಧದಷ್ಟು ಹಾಡು ಗೊತ್ತಾಗುತ್ತದೆ ಅಂದುಕೊಂಡಿದ್ದರು. ಗೊತ್ತಾಗಿದ್ದು 120ರಲ್ಲಿ ಬರೀ 3. ತಟ್ಟುವವರ ತಲೆಯಲ್ಲಿ ಹಾಡು ಓಡುತ್ತಿರುತ್ತದೆ. ಎದುರಿನವರಿಗೆ ಕೇಳಿಸುವುದು ಟಕ್ ಟಕ್ ಸದ್ದು ಮಾತ್ರ. ಹಾಗಾಗಿ ಪಾಠಕ್ಕೆ ಮುಂಚೆ ಆ ಟಕ್ ಟಕ್ ಕೇಳಿಸಿಕೊಂಡು 'ಇಲ್ಲಿ ಅರ್ಥವಾಗಲಿಲ್ಲ' ಎನ್ನುವ ಒಬ್ಬರು ಬೇಕು. ಆ ಕೆಲಸ ನಿಮ್ಮದೇ. ಪ್ರತಿಯೊಬ್ಬ ಮೇಷ್ಟ್ರ ಜೊತೆ ಒಂದು ಗಂಟೆ ಕೂರಿ. 'ಹೃದಯದ ಕಾಯಿಲೆ' ಎನ್ನುವುದು 'ಎದೆನೋವು ಬಂದಾಗ ಮೊದಲ ಹತ್ತು ನಿಮಿಷ' ಆಗಲಿ. 'ಕಾನೂನು' ಎನ್ನುವುದು 'ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಓದಬೇಕಾದ ಸಾಲುಗಳು' ಆಗಲಿ.

ಎರಡು ಮಾತು ಮೊದಲೇ ಆಗಬೇಕು. ಪಾಠದ ಹೆಸರಲ್ಲಿ ಯಾರೂ ಏನನ್ನೂ ಮಾರುವಂತಿಲ್ಲ. ಡಾಕ್ಟರು, ವಕೀಲರ ಹತ್ತಿರ ಯಾರೂ ತಮ್ಮ ರಿಪೋರ್ಟು, ತಮ್ಮ ಕೇಸು ಬಿಚ್ಚುವಂತಿಲ್ಲ.

ಹೆಸರು ನೋಂದಣಿ

ಪ್ರತಿಯೊಬ್ಬರಿಂದ ಮೊದಲ ಆಯ್ಕೆ, ಎರಡನೇ ಆಯ್ಕೆ ಎರಡೂ ಬರೆಸಿಕೊಳ್ಳಿ. ಒಂದು ಕೋಣೆಗೆ 20 ಜನ ಸಾಕು. ಅದಕ್ಕಿಂತ ಜಾಸ್ತಿಯಾದರೆ ಹಿಂದಿನ ಸಾಲಿನವರು ಬಾಯಿ ಬಿಡುವುದಿಲ್ಲ.

ಆ ಸಂಜೆ

ಕುರ್ಚಿಗಳನ್ನು ಅರ್ಧ ವೃತ್ತದಲ್ಲಿ ಹಾಕಿ. ಮೆಟ್ಟಿಲು ಹತ್ತಲಾಗದವರು ಆರಿಸಿದ ಪಾಠ ಕೆಳಗಿನ ಕೋಣೆಯಲ್ಲೇ ಇರಲಿ. ಪ್ರತಿ ಕೋಣೆಗೂ ಒಬ್ಬರು ಟೈಮ್ ನೋಡುವವರು ಬೇಕು. 20 ನಿಮಿಷಕ್ಕೆ ಒಂದು ಚೀಟಿ, 25ಕ್ಕೆ ಎದ್ದು ನಿಲ್ಲುವುದು. ಮಾತಿನ ಮಧ್ಯೆ ಮೇಷ್ಟ್ರನ್ನು ತಡೆಯುವುದಕ್ಕೆ ಮುಜುಗರ ಆಗುತ್ತದೆ ನಿಜ, ಆದರೆ ಮೊದಲೇ ಹೇಳಿಟ್ಟಿದ್ದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪ್ರಶ್ನೆಯ ಹೊತ್ತಿಗೆ ಕೋಣೆ ಮೌನವಾದರೆ ಮೊದಲ ಪ್ರಶ್ನೆಯನ್ನು ಟೈಮ್ ನೋಡುವವರೇ ಕೇಳಲಿ, ಅದೂ ತೀರಾ ಸರಳವಾದದ್ದು. ಆಮೇಲೆ ಕೈಗಳು ತಾವೇ ಮೇಲೇಳುತ್ತವೆ.

ಹೊರಡುವಾಗ ಎಲ್ಲರ ಕೈಗೂ ಒಂದು ಚೀಟಿ ಕೊಡಿ: 'ಮುಂದಿನ ಸಲ ಯಾರಿಂದ ಏನು ಕಲಿಯಬೇಕು?' ಮುಂದಿನ ಆರು ಮೇಷ್ಟ್ರು ಆ ಚೀಟಿಗಳಲ್ಲೇ ಸಿಗುತ್ತಾರೆ. ಇನ್ನೊಂದು, ಬೀಗದ ಕೈ ಇಟ್ಟುಕೊಂಡವರಿಗೆ ಅರ್ಧ ಗಂಟೆ ಜಾಸ್ತಿ ಇರಲು ಮೊದಲೇ ಹೇಳಿಡಿ. ಪಾಠ ಮುಗಿದರೂ ಬಾಗಿಲ ಹತ್ತಿರ ಮಾತು ಮುಗಿಯುವುದಿಲ್ಲ.